ಏರುವವನೂ ಜಾರುವವನೂ: ಚೇರ್‌ಲಿಫ್ಟ್ ಅಪಘಾತಗಳ ಹೊಣೆಯನ್ನು ಕುರಿತ ತೀರ್ಪುಗಳ ವಿಮರ್ಶೆ

೧

ಹೊಳೆಗೆ ತಾನಾಗಿ ಧುಮುಕಿ ಈಜುವವನು ಒಬ್ಬ. ಕೂಲಿ ಕೊಟ್ಟು ಹರಿಗೋಲಿನಲ್ಲಿ ಕುಳಿತು ಅದೇ ಹೊಳೆಯನ್ನು ದಾಟುವವನು ಇನ್ನೊಬ್ಬ. ಇಬ್ಬರಿಗೂ ನೀರು ಒಂದೇ, ಆಳವೂ ಒಂದೇ. ಆದರೆ ಅನಾಹುತವಾದಾಗ ಇಬ್ಬರ ವಿಷಯದಲ್ಲಿಯೂ ನಾವು ಒಂದೇ ಪ್ರಶ್ನೆಯನ್ನು ಕೇಳುವುದಿಲ್ಲ. ಮೊದಲನೆಯವನ ವಿಷಯದಲ್ಲಿ, ಅವನಿಗೆ ಈಜು ಬರುತ್ತಿತ್ತೆ ಎಂದು ವಿಚಾರಿಸುತ್ತೇವೆ. ಎರಡನೆಯವನ ವಿಷಯದಲ್ಲಿ, ಅಂಬಿಗನು ಏನು ಮಾಡುತ್ತಿದ್ದನೆಂದು ವಿಚಾರಿಸುತ್ತೇವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಹಿಮಕ್ರೀಡಾ ಕೇಂದ್ರಗಳಲ್ಲಿ ಸಂಭವಿಸುವ ಅಪಘಾತಗಳ ಹೊಣೆಯನ್ನು ಕುರಿತು ಕಳೆದ ಮುಕ್ಕಾಲು ಶತಮಾನದಲ್ಲಿ ಬೆಳೆದು ಬಂದಿರುವ ನ್ಯಾಯವಿಚಾರವು ಈ ಎರಡು ಪ್ರಶ್ನೆಗಳನ್ನು ಎಲ್ಲಿ ಬೇರ್ಪಡಿಸಿತು, ಎಲ್ಲಿ ಬೆರೆಸಿತು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿಷಯವು ನ್ಯಾಯಶಾಸ್ತ್ರಕ್ಕೆ ಸೇರಿದ್ದೆಂದು ಇತರ ಶಾಸ್ತ್ರಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದನ್ನು ಬದಿಗಿಡಬೇಕಾದುದಿಲ್ಲ. ತೀರ್ಪು ಎಂಬುದೂ ಒಂದು ಗದ್ಯಬಂಧವೇ. ಅಲ್ಲಿ ಒಂದು ಪದದ ಅರ್ಥವು ಸ್ವಲ್ಪ ಸರಿದರೂ ಆ ಸರಿತದ ಫಲವನ್ನು ಯಾರೋ ಒಬ್ಬರು ತಮ್ಮ ದೇಹದಲ್ಲಿಯೇ ಅನುಭವಿಸಬೇಕಾಗುತ್ತದೆ. ನಾವು ಇಲ್ಲಿ ಮುಖ್ಯವಾಗಿ ಹಿಡಿದು ನೋಡುವ ಪದ ‘ಅಪಾಯಸ್ವೀಕಾರ’. ಸಮ್ಮತಿಸಿದವನಿಗೆ ಅನ್ಯಾಯವಾಗದು ಎಂಬ ಪ್ರಾಚೀನ ರೋಮನ್ ಸೂತ್ರದಿಂದ ಹೊರಟ ಈ ಪದ ಹಿಮದ ಇಳಿಜಾರಿನಲ್ಲಿ ಒಂದು ಅರ್ಥವನ್ನು ಪಡೆಯಿತು; ಅನಂತರ ಅದನ್ನು ಎತ್ತಿ ಆಕಾಶದಲ್ಲಿ ತೂಗುವ ಕುರ್ಚಿಗೂ ಅನ್ವಯಿಸಲಾಯಿತು. ಈ ಅನ್ವಯ ಸಾಧುವಲ್ಲವೆಂಬುದು ನಮ್ಮ ಅಭಿಪ್ರಾಯ.

೨

ಚೇರ್‌ಲಿಫ್ಟನ್ನು ಕಾಣದ ವಾಚಕರಿಗಾಗಿ ಅದರ ರಚನೆಯನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯಕ. ಬೆಟ್ಟದ ಬುಡದಲ್ಲಿ ಒಂದು, ನೆತ್ತಿಯಲ್ಲಿ ಒಂದು ದೊಡ್ಡ ಚಕ್ರ. ಅವೆರಡನ್ನೂ ಬಳಸಿ ಎಡೆಬಿಡದೆ ಸುತ್ತುವ ಉಕ್ಕಿನ ಹಗ್ಗ. ನಡುವೆ ಅದನ್ನು ಹೊತ್ತು ನಿಂತ ಗೋಪುರಗಳು. ಹಗ್ಗವನ್ನು ಕಚ್ಚಿ ಹಿಡಿದು ತೂಗುವ ಕುರ್ಚಿಗಳು. ಈ ಯಂತ್ರ ಮೊದಲು ಬಳಕೆಗೆ ಬಂದುದು ೧೯೩೬ರಲ್ಲಿ, ಐಡಾಹೊ ಸಂಸ್ಥಾನದ ಸನ್ ವ್ಯಾಲಿಯಲ್ಲಿ. ಅದನ್ನು ಕಲ್ಪಿಸಿದವನು ಯೂನಿಯನ್ ಪೆಸಿಫಿಕ್ ರೈಲ್ವೆಯ ಎಂಜಿನಿಯರ್ ಜೇಮ್ಸ್ ಕರನ್. ಹಡಗಿಗೆ ಬಾಳೆಗೊನೆಗಳನ್ನು ಕೊಕ್ಕೆಗೆ ತೂಗಹಾಕಿ ಸಾಗಿಸುವ ಯಂತ್ರವೇ ಅವನಿಗೆ ಮಾದರಿಯಾಯಿತು. ಗೊನೆಯ ಜಾಗದಲ್ಲಿ ಮನುಷ್ಯನನ್ನು ಕೂರಿಸುವುದೆಂದು ಅವನು ಯೋಚಿಸಿದನು.

ಹಗ್ಗಕ್ಕೆ ಬಿಗಿದ ಹಳೆಯ ಮಾದರಿಯ ಕುರ್ಚಿಗಳು ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್ ವೇಗದಲ್ಲಿ ಚಲಿಸುತ್ತವೆ. ನಿಲ್ದಾಣದಲ್ಲಿ ಹಗ್ಗದಿಂದ ಕಳಚಿಕೊಂಡು ನಿಧಾನವಾಗಿ, ಹೊರಗೆ ಮತ್ತೆ ಹಗ್ಗವನ್ನು ಹಿಡಿಯುವ ಹೊಸ ಮಾದರಿಯವು ಸೆಕೆಂಡಿಗೆ ಸುಮಾರು ಐದು ಮೀಟರ್ ವೇಗದಲ್ಲಿ ಚಲಿಸುತ್ತವೆ. ಎರಡರಲ್ಲಿಯೂ ಕುರ್ಚಿ ಸಾಮಾನ್ಯವಾಗಿ ಪಯಣಿಗನಿಗಾಗಿ ನಿಲ್ಲುವುದಿಲ್ಲ. ಅವನು ಕಾಲಿಗೆ ಉದ್ದನೆಯ ಸ್ಕೀ ಹಲಗೆಗಳನ್ನು ಕಟ್ಟಿಕೊಂಡು ಗೊತ್ತಾದ ಗೆರೆಯಲ್ಲಿ ನಿಲ್ಲುತ್ತಾನೆ. ಹಿಂದಿನಿಂದ ಬಂದ ಕುರ್ಚಿಯಲ್ಲಿ ಕೂಡುತ್ತಾನೆ. ಕೆಲವು ಕ್ಷಣಗಳಲ್ಲಿಯೇ ನೆಲವನ್ನು ಬಿಡುತ್ತಾನೆ. ಕಾವಲು ನಿಂತ ನೌಕರನ ಕೈಯಳತೆಯಲ್ಲಿ ಯಂತ್ರವನ್ನು ನಿಲ್ಲಿಸುವ ಗುಂಡಿಯಿರುತ್ತದೆ.

ಇಳಿಜಾರಿನಲ್ಲಿ ಜಾರುವವನಿಗೆ ವೇಗವನ್ನು ತಗ್ಗಿಸುವ, ದಾರಿಯನ್ನು ಆರಿಸುವ, ಭಯವಾದರೆ ನಿಂತುಬಿಡುವ ಸ್ವಾತಂತ್ರ್ಯ ಇರುತ್ತದೆ. ಆಟದ ರಸವೆಲ್ಲ ಆ ಸ್ವಾತಂತ್ರ್ಯದಲ್ಲಿದೆ. ಕುರ್ಚಿಯಲ್ಲಿ ಕುಳಿತವನಿಗೆ ಇದಾವುದೂ ಇರುವುದಿಲ್ಲ. ಅವನು ಕೂಡಬಹುದು, ಹಿಡಿದುಕೊಳ್ಳಬಹುದು, ಅಡ್ಡಪಟ್ಟಿಯಿದ್ದರೆ ಇಳಿಸಿಕೊಳ್ಳಬಹುದು. ಅಲ್ಲಿಗೆ ಅವನ ಕರ್ತೃತ್ವ ಮುಗಿಯಿತು. ಉಳಿದುದೆಲ್ಲ ಹಗ್ಗಕ್ಕೆ, ಹಿಡಿಕೆಗೆ, ಚಕ್ರಕ್ಕೆ ಮತ್ತು ಗುಂಡಿಯ ಬಳಿ ನಿಂತ ಮನುಷ್ಯನಿಗೆ ಸೇರಿದ್ದು.

೩

ನ್ಯಾಯವಿಚಾರದ ಮೊದಲ ಧಾರೆ ಜಾರುವವನನ್ನು ಕುರಿತದ್ದು. ೧೯೫೧ರಲ್ಲಿ ವರ್ಮಾಂಟ್ ಸಂಸ್ಥಾನದ ಮೌಂಟ್ ಮ್ಯಾನ್ಸ್‌ಫೀಲ್ಡ್ ಪ್ರಕರಣದಲ್ಲಿ, ಹಿಮದಡಿ ಹುದುಗಿದ್ದ ಮರದ ಬೊಡ್ಡೆಗೆ ತಾಗಿ ಬಿದ್ದವರ ದಾವೆಯನ್ನು ಫೆಡರಲ್ ನ್ಯಾಯಾಲಯ ತಳ್ಳಿಹಾಕಿತು. ಕ್ರೀಡೆಗೆ ಇಳಿದವರು ಅದಕ್ಕೆ ಸಹಜವಾದ ಅಪಾಯಗಳನ್ನು ತಾವಾಗಿ ಸ್ವೀಕರಿಸುತ್ತಾರೆಂಬುದು ಅದರ ವಾದ. ಒಂದು ತಲೆಮಾರಿನ ಕಾಲ ಈ ವಾದವೇ ನಡೆಯಿತು. ೧೯೭೮ರಲ್ಲಿ ಅದೇ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ ಸ್ಟ್ರಾಟನ್ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಹೊಸಬರಿಗೆಂದೇ ಸಿದ್ಧಪಡಿಸಿದ ಹಾದಿಯಲ್ಲಿ ಪೊದೆಗೆ ಸಿಲುಕಿ ಬಿದ್ದು ಕೈಕಾಲುಗಳ ಸ್ವಾಧೀನವನ್ನು ಕಳೆದುಕೊಂಡ ತರುಣನೊಬ್ಬನಿಗೆ ಜ್ಯೂರಿ ಕೊಟ್ಟಿದ್ದ ಹದಿನೈದು ಲಕ್ಷ ಡಾಲರುಗಳ ಪರಿಹಾರವನ್ನು ಅದು ಎತ್ತಿಹಿಡಿಯಿತು. ಹಾದಿಗಳನ್ನು ಯಂತ್ರಗಳಿಂದ ಹಸನು ಮಾಡುವ ಕಾಲ ಬಂದಿರುವಾಗ ಪೊದೆಯೊಂದನ್ನು ಪ್ರಕೃತಿಸಹಜವೆಂದು ಬಗೆಯಬೇಕಾಗಿಲ್ಲವೆಂದು ನ್ಯಾಯಾಲಯ ಕಂಡಿತು.

ಇದರಿಂದ ಉದ್ಯಮಿಗಳೂ ವಿಮಾದಾರರೂ ಕಳವಳಗೊಂಡರು. ಅದೇ ವರ್ಷ ವರ್ಮಾಂಟಿನ ಶಾಸನಸಭೆ ಕ್ರೀಡೆಯ ಸಹಜ ಅಪಾಯಗಳಿಗೆ ಆಟಗಾರನೇ ಹೊಣೆಯೆಂದು ಕಾನೂನು ಮಾಡಿತು. ಮರುವರ್ಷ, ೧೯೭೯ರಲ್ಲಿ, ಕಾಲರಾಡೊ ಸಂಸ್ಥಾನ ತನ್ನ ಸ್ಕೀ ಸುರಕ್ಷತಾ ಕಾಯಿದೆಯನ್ನು ಹೊರಡಿಸಿತು. ಇವನ್ನು ನಾವು ನಿಂದಿಸಬೇಕಾಗಿಲ್ಲ. ಬಂಡೆ, ಬೊಡ್ಡೆ, ಹಿಮದ ಏರುಪೇರು, ಹವೆಯ ಬದಲಾವಣೆ ಇವೆಲ್ಲ ಆ ಆಟದ ಅಂಗಗಳು, ಇವಿಲ್ಲದೆ ಬೆಟ್ಟವಿಲ್ಲ.

ಎರಡನೆಯ ಧಾರೆ ಏರುವವನನ್ನು ಕುರಿತದ್ದು. ಬಾಡಿಗೆ ಪಡೆದು ಜನರನ್ನು ಸಾಗಿಸುವವನು ಅತ್ಯುಚ್ಚ ಮಟ್ಟದ ಎಚ್ಚರಿಕೆಯನ್ನು ವಹಿಸಬೇಕೆಂಬುದು ಆಂಗ್ಲ ನ್ಯಾಯಪದ್ಧತಿಯಲ್ಲಿ ಹಳೆಯ ಮಾತು. ೧೯೬೮ರಲ್ಲಿ ಕಾಲರಾಡೊದ ಸರ್ವೋಚ್ಚ ನ್ಯಾಯಾಲಯ ಈ ಮಾತನ್ನು ಚೇರ್‌ಲಿಫ್ಟಿಗೂ ಅನ್ವಯಿಸಿತು. ೧೯೯೨ರಲ್ಲಿ ಕ್ಯಾಲಿಫೋರ್ನಿಯದ ಮೇಲ್ಮನವಿ ನ್ಯಾಯಾಲಯ, ಸ್ಕ್ವಾ ವ್ಯಾಲಿ ಪ್ರಕರಣದಲ್ಲಿ, ಚೇರ್‌ಲಿಫ್ಟ್ ನಡೆಸುವವನು ಸಾರ್ವಜನಿಕ ಸಾಗಣೆದಾರನೇ ಎಂದು ನಿರ್ಣಯಿಸಿತು. ೧೯೯೮ರಲ್ಲಿ ಕಾಲರಾಡೊದ ನ್ಯಾಯಾಲಯ ಮತ್ತೊಮ್ಮೆ ಈ ಪ್ರಶ್ನೆಗೆ ಮರಳಿತು. ಕ್ರೆಸ್ಟೆಡ್ ಬ್ಯೂಟ್ ಕೇಂದ್ರದಲ್ಲಿ ಪಯಣಿಗನೊಬ್ಬನು ಪ್ರಜ್ಞೆ ತಪ್ಪಿ ಕುರ್ಚಿಯಿಂದ ಬಿದ್ದ ಪ್ರಕರಣ ಅದು. ಹೊಸ ಕಾಯಿದೆಗಳು ಬಂದುದರಿಂದ ಹಳೆಯ ಅತ್ಯುಚ್ಚ ಎಚ್ಚರಿಕೆಯ ಕರ್ತವ್ಯ ಅಳಿದುಹೋಗಿಲ್ಲ. ಚಳಿಗಾಲವಾಗಲಿ ಬೇಸಗೆಯಾಗಲಿ, ಲಿಫ್ಟನ್ನು ನಡೆಸುವವನಿಗೆ ಅದು ತಪ್ಪಿದ್ದಲ್ಲ ಎಂದು ತೀರ್ಪಾಯಿತು.

ಇಲ್ಲಿ ಶಾಸನದ ಪಾಠವನ್ನೂ ನೋಡತಕ್ಕದ್ದು. ಕಾಲರಾಡೊ ಕಾಯಿದೆಯ ೧೯೯೦ರ ತಿದ್ದುಪಡಿಯಲ್ಲಿ ಆಟದ ಸಹಜ ಅಪಾಯಗಳ ಉದ್ದನೆಯ ಪಟ್ಟಿಯಿದೆ. ಆದರೆ ಲಿಫ್ಟಿನ ಬಳಕೆಯಿಂದ ಅಥವಾ ಚಾಲನೆಯಿಂದ ಆಗುವ ಗಾಯಗಳ ಹೊಣೆಯನ್ನು ಈ ಪಟ್ಟಿ ಮೊಟಕುಗೊಳಿಸದು ಎಂಬ ಮಾತೂ ಅಲ್ಲಿಯೇ ಸೇರಿದೆ. ಪರಿಹಾರಧನಕ್ಕೆ ಹತ್ತು ಲಕ್ಷ ಡಾಲರುಗಳ ಮಿತಿಯನ್ನು ಹಾಕುವ ಪ್ರಕರಣದಲ್ಲಿಯೂ ಲಿಫ್ಟಿನಲ್ಲಿ ಸಾಗುತ್ತಿರುವ ಪಯಣಿಗನ ಗಾಯಗಳನ್ನು ಹೊರಗಿಡಲಾಗಿದೆ. ಶಾಸನಕರ್ತರು ಉದ್ಯಮದ ಪರವಾಗಿ ಲೇಖನಿಯನ್ನು ಹಿಡಿದಾಗ ಕೂಡ ಏರುವವನನ್ನು ಜಾರುವವನಿಂದ ಎರಡು ಸಲ ಬೇರ್ಪಡಿಸಿದರು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಾದಕ್ಕೆ ಇದೇ ಆಧಾರ.

೪

ಈ ಎರಡು ಧಾರೆಗಳ ನಡುವಿನ ದಂಡೆಯನ್ನು ಒಡೆದದ್ದು ನ್ಯಾಯಾಲಯದ ಸಿದ್ಧಾಂತವೂ ಅಲ್ಲ, ಶಾಸನವೂ ಅಲ್ಲ, ಒಂದು ಕಾಗದ. ಋತುವಿನುದ್ದಕ್ಕೂ ಸಲ್ಲುವ ಪಾಸನ್ನು ಕೊಳ್ಳುವಾಗ ಗ್ರಾಹಕನು ಒಪ್ಪಿಗೆ ಹಾಕುವ ಹೊಣೆಮುಕ್ತಿಪತ್ರವೇ ಅದು. ಕೇಂದ್ರದವರ ಅಲಕ್ಷ್ಯದಿಂದ ತನಗೆ ಹಾನಿಯಾದರೂ ದಾವೆ ಹೂಡುವುದಿಲ್ಲವೆಂದು ಗ್ರಾಹಕನು ಅದರಲ್ಲಿ ಬರೆದುಕೊಡುತ್ತಾನೆ. ಅದರ ವಾಕ್ಯಗಳಲ್ಲಿ ಇಳಿಜಾರು, ಮರ, ಹಿಮ, ಲಿಫ್ಟು, ನಿಲ್ದಾಣ ಇವೆಲ್ಲ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಶಾಸನ ಬೇರ್ಪಡಿಸಿದ್ದನ್ನು ಕರಾರು ಒಂದು ಅಲ್ಪವಿರಾಮದಿಂದ ಕೂಡಿಸಿಬಿಡುತ್ತದೆ.

ಇಂಥ ಪತ್ರಗಳ ಸಿಂಧುತ್ವವನ್ನು ಕಾಲರಾಡೊದಲ್ಲಿ ಅಳೆಯುವುದು ೧೯೮೧ರ ಒಂದು ತೀರ್ಪಿನ ಮಾನದಂಡದಿಂದ. ಸಾರ್ವಜನಿಕರ ಬಗೆಗಿನ ಕರ್ತವ್ಯ, ಸೇವೆಯ ಸ್ವರೂಪ, ಕರಾರು ನ್ಯಾಯವಾಗಿ ಏರ್ಪಟ್ಟಿತೆ ಎಂಬುದು, ಉದ್ದೇಶ ಸ್ಪಷ್ಟವಾಗಿ ವ್ಯಕ್ತವಾಗಿದೆಯೆ ಎಂಬುದು, ಹೀಗೆ ನಾಲ್ಕು ಅಂಶಗಳನ್ನು ಆ ತೀರ್ಪು ಗುರುತಿಸಿತು. ವಿನೋದಕ್ಕಾಗಿ ಕೊಳ್ಳುವ ಸೇವೆ ಜೀವನಾವಶ್ಯಕವಲ್ಲವಾದುದರಿಂದ ಅಲ್ಲಿ ಹೊಣೆಮುಕ್ತಿಗೆ ಅಡ್ಡಿಯಿಲ್ಲವೆಂಬ ನಿಲುವು ಅದರಿಂದ ಬೆಳೆಯಿತು. ಪ್ಯಾರಾಚೂಟ್ ಹಾರಾಟದ ತೀರ್ಪೆಂದು ಪ್ರಸಿದ್ಧವಾದ ಇದರ ಸಂಗತಿಗಳನ್ನು ಓದಿದಾಗ ನಮಗೆ ಆಶ್ಚರ್ಯವಾಗುತ್ತದೆ. ವಾದಿಗೆ ಪೆಟ್ಟಾದದ್ದು ಪ್ಯಾರಾಚೂಟಿನಿಂದ ಹಾರುವಾಗಲ್ಲ. ಅವನನ್ನು ಮೇಲಕ್ಕೆ ಒಯ್ಯುತ್ತಿದ್ದ ವಿಮಾನ ನೆಲವನ್ನು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಉರುಳಿ ಬಿದ್ದಾಗ. ಎಂದರೆ ಆಟಗಾರನ ಪೋಷಾಕು ತೊಟ್ಟಿದ್ದರೂ ಆ ಕ್ಷಣದಲ್ಲಿ ಅವನು ಪಯಣಿಗನಾಗಿದ್ದನು. ಆಟದ ಅಪಾಯ, ಸಾಗಣೆಯ ಅಪಾಯ ಇವೆರಡರ ಬೆರಕೆ ಮೂಲಪ್ರಮಾಣದಲ್ಲಿಯೇ ಇದೆ. ಅದನ್ನು ಅನುಸರಿಸಿದ ತೀರ್ಪುಗಳು ಆ ಬೆರಕೆಯನ್ನು ಪಿತ್ರಾರ್ಜಿತವಾಗಿ ಪಡೆದವು.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮವಾದುದು. ೨೦೦೨ರಲ್ಲಿ ಆಸ್ಪೆನ್ ಕೇಂದ್ರಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ, ಅಪ್ರಾಪ್ತವಯಸ್ಕ ಮಗುವಿಗೆ ಮುಂದೆ ಒದಗಬಹುದಾದ ಪರಿಹಾರದ ಹಕ್ಕನ್ನು ತಾಯಿತಂದೆಗಳು ಮೊದಲೇ ಬಿಟ್ಟುಕೊಡಲಾರರೆಂದು ಕಾಲರಾಡೊದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಒಂದು ವರ್ಷ ಕಳೆಯುವಷ್ಟರಲ್ಲಿ, ೨೦೦೩ರಲ್ಲಿ, ಶಾಸನಸಭೆ ಅಲಕ್ಷ್ಯದ ದಾವೆಗಳ ಮಟ್ಟಿಗೆ ಆ ಅಧಿಕಾರವನ್ನು ತಾಯಿತಂದೆಗಳಿಗೆ ಕೊಟ್ಟುಬಿಟ್ಟಿತು.

೫

ಈ ಎಲ್ಲ ಎಳೆಗಳೂ ೨೦೨೪ರ ಮೇ ತಿಂಗಳಿನಲ್ಲಿ ಹೊರಬಂದ ತೀರ್ಪಿನಲ್ಲಿ ಸಂಧಿಸುತ್ತವೆ. ಸ್ಥಳ ಮತ್ತೆ ಕ್ರೆಸ್ಟೆಡ್ ಬ್ಯೂಟ್; ಘಟನೆ ೨೦೨೨ರದು. ದಾವೆಯ ಹೇಳಿಕೆಯಂತೆ, ತಂದೆಯೊಡನೆ ಬಂದ ಹದಿಹರೆಯದ ಹುಡುಗಿಯೊಬ್ಬಳು ಕುರ್ಚಿಯಲ್ಲಿ ಸರಿಯಾಗಿ ಕೂಡಲಾರದೆ ಅದನ್ನು ಹಿಡಿದು ಜೋತುಬಿದ್ದಳು. ಪಕ್ಕದಲ್ಲಿದ್ದ ತಂದೆ ಅವಳನ್ನು ಎತ್ತಿಕೊಳ್ಳಲು ಹೆಣಗಿದನು. ಲಿಫ್ಟನ್ನು ನಿಲ್ಲಿಸಿರೆಂದು ಸುತ್ತಲಿನವರೊಡನೆ ಕೂಗಿಕೊಂಡನು. ಲಿಫ್ಟು ನಿಲ್ಲಲಿಲ್ಲ. ಸುಮಾರು ಮೂವತ್ತು ಅಡಿ ಎತ್ತರದಿಂದ ಬಿದ್ದ ಆಕೆ ಕೈಕಾಲುಗಳ ಸ್ವಾಧೀನವನ್ನು ಕಳೆದುಕೊಂಡಳು. ಪಾಸನ್ನು ಕೊಳ್ಳುವಾಗ ತಂದೆ ಹೊಣೆಮುಕ್ತಿಪತ್ರಕ್ಕೆ ಒಪ್ಪಿಗೆ ಹಾಕಿದ್ದನು.

ನ್ಯಾಯಾಲಯದ ನಿರ್ಣಯದಲ್ಲಿ ಎರಡು ಭಾಗಗಳಿವೆ. ಕಾಯಿದೆಯನ್ನಾಗಲಿ, ಪ್ರಯಾಣಿಕ ತೂಗುಸಾರಿಗೆಯ ಸುರಕ್ಷತಾ ಮಂಡಲಿಯ ನಿಯಮಗಳನ್ನಾಗಲಿ ಮುರಿದುದರಿಂದ ಹುಟ್ಟುವ ಹೊಣೆಯನ್ನು ಖಾಸಗಿ ಪತ್ರದಿಂದ ಕಳಚಿಕೊಳ್ಳಲಾಗದು ಎಂಬುದು ಒಂದು. ಇದು ಶ್ಲಾಘ್ಯವಾದ ಮಾತು. ಶಾಸನ ವಿಧಿಸಿದ ಕರ್ತವ್ಯವನ್ನು ಒಂದು ರುಜುವಿನಿಂದ ಅಳಿಸಬಹುದಾದರೆ ಶಾಸನಕ್ಕೆ ಅರ್ಥವೇ ಉಳಿಯದು. ಅತ್ಯುಚ್ಚ ಎಚ್ಚರಿಕೆಯ ಕರ್ತವ್ಯವನ್ನು ಮೀರಿದರೆಂಬ ದಾವೆಗೆ ಮಾತ್ರ ಪತ್ರವು ತಡೆಯಾಗುತ್ತದೆಂಬುದು ಇನ್ನೊಂದು. ಇಲ್ಲಿ ನಮ್ಮ ಒಪ್ಪಿಗೆ ನಿಲ್ಲುತ್ತದೆ.

ನಮ್ಮ ಆಕ್ಷೇಪಣೆಗಳು ಮೂರು. ಮೊದಲನೆಯದಾಗಿ, ಬರೆದ ನಿಯಮವು ಹಿಂದೆ ಆದ ಅಪಘಾತಗಳಿಂದ ಪಾಠ ಕಲಿತು ಹುಟ್ಟುವಂಥದು. ಮುಂದೆ ಆಗುವುದನ್ನೆಲ್ಲ ಅದು ಊಹಿಸಲಾರದು. ಆ ಕೊರತೆಯನ್ನು ತುಂಬುವುದಕ್ಕಾಗಿಯೇ ಅತ್ಯುಚ್ಚ ಎಚ್ಚರಿಕೆ ಎಂಬ ಅಲಿಖಿತ ಕರ್ತವ್ಯ ಇರುವುದು. ಗುಂಡಿಯ ಬಳಿ ನಿಂತವನ ಕಣ್ಣಿನ ಜಾಗರೂಕತೆಯನ್ನು ಯಾವ ನಿಯಮಾವಳಿಯೂ ಪೂರ್ತಿಯಾಗಿ ಬರೆದಿಡಲಾರದು. ಲಿಖಿತವಾದುದನ್ನು ಉಳಿಸಿ ಅಲಿಖಿತವಾದುದನ್ನು ಮಾರಬಹುದೆಂದರೆ, ರಕ್ಷಣೆಯ ದೇಹವನ್ನು ಉಳಿಸಿ ಪ್ರಾಣವನ್ನು ಬಿಟ್ಟಂತಾಯಿತು. ಎರಡನೆಯದಾಗಿ, ೧೯೯೮ರ ತೀರ್ಪು ಕಾಯಿದೆಗಳೆದುರು ಈ ಕರ್ತವ್ಯವನ್ನು ಕಾಪಾಡಿತ್ತು. ಶಾಸನಸಭೆಯ ಕಾಯಿದೆಯಿಂದ ಅಳಿಯದ ಕರ್ತವ್ಯ ಮಾರಾಟದ ಪತ್ರದಿಂದ ಅಳಿಯುತ್ತದೆಂಬುದು ವಿಚಿತ್ರವಾಗಿ ತೋರುತ್ತದೆ. ಮೂರನೆಯದಾಗಿ, ಸ್ಕೀ ಆಟ ಜೀವನಾವಶ್ಯಕವಲ್ಲವೆಂಬುದು ನಿಜ. ಆದರೆ ಒಮ್ಮೆ ಕುರ್ಚಿ ಮೇಲೆದ್ದಮೇಲೆ ಅದರಲ್ಲಿರುವವನಿಗೆ ಆ ಹಗ್ಗಕ್ಕಿಂತ ಆವಶ್ಯಕವಾದುದು ಬೇರೊಂದಿಲ್ಲ. ಸೇವೆಯ ಆವಶ್ಯಕತೆಯನ್ನು ಟಿಕೆಟಿನ ಕಿಟಕಿಯ ಬಳಿ ಅಳೆದರೆ ಸಾಲದು. ನೆಲದಿಂದ ಮೂವತ್ತು ಅಡಿಗಳ ಮೇಲೆಯೂ ಅಳೆಯಬೇಕು.

೬

ಇದೇ ದೇಶದಲ್ಲಿ ಬೇರೆ ಬಗೆಯ ವಿವೇಚನೆಯೂ ನಡೆದಿದೆ. ೧೯೯೫ರಲ್ಲಿ ವರ್ಮಾಂಟಿನ ನ್ಯಾಯಾಲಯದ ಮುಂದೆ ಕಿಲಿಂಗ್‌ಟನ್ ಕೇಂದ್ರದ ಪ್ರಕರಣ ಬಂದಿತು. ಲಿಫ್ಟಿಗಾಗಿ ಜನರನ್ನು ಸಾಲುಗೊಳಿಸಲು ನೆಟ್ಟಿದ್ದ ಲೋಹದ ಕಂಬಕ್ಕೆ ಒಬ್ಬನು ಅಪ್ಪಳಿಸಿದ್ದನು. ಅವನೂ ಪತ್ರಕ್ಕೆ ರುಜು ಹಾಕಿದ್ದನು. ಆ ಪತ್ರ ಸಾರ್ವಜನಿಕ ಹಿತಕ್ಕೆ ವಿರುದ್ಧವಾದುದರಿಂದ ಅಸಿಂಧು ಎಂದು ತೀರ್ಪಾಯಿತು. ಸಾವಿರಾರು ಜನರನ್ನು ತನ್ನ ನೆಲಕ್ಕೆ ಕರೆಯುವ ಉದ್ಯಮ ತನ್ನದೇ ಖಾಸಗಿ ವ್ಯವಹಾರವೆಂದು ಹೇಳಿಕೊಳ್ಳಲಾಗದು. ಅಪಾಯವನ್ನು ಕಂಡುಹಿಡಿದು ನಿವಾರಿಸುವ ಜ್ಞಾನವೂ ಅವಕಾಶವೂ ಅದಕ್ಕೇ ಇವೆ. ಹೊಣೆಯಿಂದ ಬಿಡುಗಡೆ ಕೊಟ್ಟರೆ ಎಚ್ಚರಿಕೆಗೆ ಪ್ರೇರಣೆಯೇ ಉಳಿಯುವುದಿಲ್ಲ ಎಂಬುದು ಅದರ ತಿರುಳು. ಸೇವೆ ವಿನೋದಕ್ಕೋ ಅವಶ್ಯಕತೆಗೋ ಎಂಬುದರ ಬದಲು, ಅಪಾಯವನ್ನು ನಿವಾರಿಸುವ ಶಕ್ತಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಈ ತೀರ್ಪು ಮುಂದಿಟ್ಟಿತು. ೨೦೧೪ರಲ್ಲಿ ಆರೆಗನ್ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವೂ ಮೌಂಟ್ ಬ್ಯಾಚೆಲರ್ ಪ್ರಕರಣದಲ್ಲಿ ಇಂಥ ಪತ್ರಕ್ಕೆ ಮನ್ನಣೆ ಕೊಡಲಿಲ್ಲ.

ಫ್ರಾನ್ಸಿನ ನ್ಯಾಯಾಲಯಗಳು ಈ ವಿಚಾರವನ್ನು ಇನ್ನೂ ನಯವಾಗಿ ಬಿಡಿಸಿವೆ. ಅಲ್ಲಿಯ ಕರಾರುಶಾಸ್ತ್ರದಲ್ಲಿ ‘ಯತ್ನದ ಹೊಣೆ’, ‘ಫಲದ ಹೊಣೆ’ ಎಂಬ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಹೊಣೆಗಾರನು ತಕ್ಕ ಪ್ರಯತ್ನ ಮಾಡಲಿಲ್ಲವೆಂದು ವಾದಿ ತೋರಿಸಬೇಕು. ಎರಡನೆಯದರಲ್ಲಿ ಕ್ಷೇಮವಾಗಿ ತಲುಪಿಸಲಿಲ್ಲವೆಂದು ತೋರಿಸಿದರೆ ಸಾಕು. ಕುರ್ಚಿಯನ್ನು ಏರುವಾಗಲೂ ಇಳಿಯುವಾಗಲೂ ಪಯಣಿಗನ ಪಾಲೂ ಇರುವುದರಿಂದ ಆಗ ನಡೆಸುವವನಿಗೆ ಯತ್ನದ ಹೊಣೆ. ನಡುವಿನ ಪ್ರಯಾಣದಲ್ಲಿ ಪಯಣಿಗನ ಕೈಯಲ್ಲಿ ಏನೂ ಇಲ್ಲದುದರಿಂದ ಆಗ ಫಲದ ಹೊಣೆ. ಪಯಣಿಗನ ಸ್ವಾತಂತ್ರ್ಯ ಎಷ್ಟು ಕುಗ್ಗುತ್ತದೆಯೋ ಅಷ್ಟು ನಡೆಸುವವನ ಹೊಣೆ ಹಿಗ್ಗುತ್ತದೆ ಎಂಬ ತತ್ತ್ವವನ್ನು ಇಲ್ಲಿ ಕಾಣಬಹುದು. ೨೦೨೨ರ ಘಟನೆಯನ್ನು ಈ ಬೆಳಕಿನಲ್ಲಿ ಹಿಡಿದು ನೋಡಿದರೆ ಅದರ ಎರಡು ಘಟ್ಟಗಳು ಬೇರೆ ಬೇರೆಯಾಗಿ ತೋರುತ್ತವೆ. ಕುಳಿತುಕೊಳ್ಳುವಲ್ಲಿ ತಪ್ಪಿದ್ದು ಮೊದಲ ಘಟ್ಟ. ಅಲ್ಲಿ ಯಾರ ತಪ್ಪು ಎಷ್ಟೆಂದು ವಾದಿಸಬಹುದು. ಜೋತಾಡುತ್ತಿರುವವಳನ್ನು ಹೊತ್ತು ಲಿಫ್ಟು ಮೇಲೇರಿದ್ದು ಎರಡನೆಯ ಘಟ್ಟ. ಅಲ್ಲಿ ಗುಂಡಿ ಅವಳ ಕೈಯಲ್ಲಿರಲಿಲ್ಲ.

೭

ಪ್ರತಿಪಕ್ಷದ ವಾದಗಳನ್ನೂ ಕೇಳಬೇಕು. ಕುರ್ಚಿಯಿಂದ ಬೀಳುವವರಲ್ಲಿ ಹೆಚ್ಚಿನವರು ತಮ್ಮ ನಡವಳಿಕೆಯಿಂದಲೇ ಬೀಳುತ್ತಾರೆಂದು ಉದ್ಯಮದವರು ಹೇಳುತ್ತಾರೆ. ಇರಬಹುದು. ವರ್ಮಾಂಟ್, ನ್ಯೂಯಾರ್ಕ್ ಸಂಸ್ಥಾನಗಳಲ್ಲಿ ಅಡ್ಡಪಟ್ಟಿಯನ್ನು ಇಳಿಸಿಕೊಳ್ಳುವುದು ಪಯಣಿಗನ ಕಾನೂನುಬದ್ಧ ಕರ್ತವ್ಯ, ಇದು ಯುಕ್ತವೇ. ಆದರೆ ಅತ್ಯುಚ್ಚ ಎಚ್ಚರಿಕೆ ಎಂದರೆ ಬಿದ್ದವನಿಗೆಲ್ಲ ಹಣ ತೆರುವುದೆಂದು ಅರ್ಥವಲ್ಲ. ಪಯಣಿಗನ ತಪ್ಪಿನ ಪಾಲನ್ನು ಅಳೆದು ಪರಿಹಾರದಿಂದ ಕಳೆಯುವ ಪದ್ಧತಿ ಆ ನ್ಯಾಯಾಲಯಗಳಲ್ಲಿ ರೂಢವಾಗಿದೆ. ಅಳೆಯುವುದಕ್ಕೆ ವಿಚಾರಣೆ ನಡೆಯಬೇಕು. ಹೊಣೆಮುಕ್ತಿಪತ್ರ ತಡೆಯುವುದು ಆ ವಿಚಾರಣೆಯನ್ನೇ. ಯಾರು ತಪ್ಪಿದರೆಂದು ಕೇಳುವ ಮೊದಲೇ ಅದು ಪ್ರಶ್ನೆಯ ಬಾಯಿಯನ್ನು ಮುಚ್ಚಿಸುತ್ತದೆ.

ಮತ್ತು ಎಲ್ಲ ಅಪಘಾತಗಳೂ ಪಯಣಿಗನಿಂದ ಆದವಲ್ಲ. ೧೯೮೫ರಲ್ಲಿ ಕಾಲರಾಡೊದ ಕೀಸ್ಟೋನಿನಲ್ಲಿ ಲಿಫ್ಟಿನ ದೊಡ್ಡ ಚಕ್ರ ವಿಫಲವಾಗಿ ಇಬ್ಬರು ತೀರಿಕೊಂಡರು, ಹಲವರು ಗಾಯಗೊಂಡರು. ೧೯೯೫ರಲ್ಲಿ ಕೆನಡದ ವಿಸ್ಲರಿನಲ್ಲಿ ಕುರ್ಚಿಗಳು ಹಗ್ಗದ ಮೇಲೆ ಜಾರಿ ಒಂದಕ್ಕೊಂದು ಬಡಿದು ಕೆಳಗೆ ಬಿದ್ದವು. ೨೦೧೬ರಲ್ಲಿ ಕಾಲರಾಡೊದ ಗ್ರಾನ್‌ಬಿಯಲ್ಲಿ ತಾಯಿಯೊಬ್ಬಳು ಕುರ್ಚಿಯಿಂದ ಎಸೆಯಲ್ಪಟ್ಟು ಮೃತಳಾದಳು. ಚಾಲಕಯಂತ್ರದ ವಿದ್ಯುದ್ವ್ಯವಸ್ಥೆಯಲ್ಲಿ ಮಾಡಿದ್ದ ಮಾರ್ಪಾಡು, ಅದರಿಂದಾದ ವೇಗದ ಏರುಪೇರು ತನಿಖೆಯಲ್ಲಿ ಹೊರಬಿದ್ದವು. ೨೦೧೮ರಲ್ಲಿ ಜಾರ್ಜಿಯ ದೇಶದ ಗುಡೌರಿಯಲ್ಲಿ ಇಡೀ ಲಿಫ್ಟು ಹಿಮ್ಮುಖವಾಗಿ ಓಡಿ ಕುಳಿತವರನ್ನು ಬುಡದ ಚಕ್ರದ ಬಳಿ ಒಗೆಯಿತು. ಇಲ್ಲೆಲ್ಲ ಪಯಣಿಗನು ಸ್ವೀಕರಿಸಿದ ಅಪಾಯ ಯಾವುದು? ಬೆಸುಗೆ, ಹಿಡಿಕೆ, ತಂತಿ ಇವನ್ನು ಅವನು ನೋಡಿದವನಲ್ಲ, ನೋಡಿದರೂ ತಿಳಿಯತಕ್ಕವನಲ್ಲ. ತಿಳಿಯದುದಕ್ಕೆ ಸಮ್ಮತಿಯನ್ನು ಕೊಡಲು ಬಾರದು.

ವಿಮೆಯ ಕಂತು ಹೆಚ್ಚಿ ಸಣ್ಣ ಕೇಂದ್ರಗಳು ಮುಚ್ಚುತ್ತವೆಂಬ ವಾದ ಇದಕ್ಕಿಂತ ಗಂಭೀರವಾದುದು. ಬೆಟ್ಟದ ಊರುಗಳ ಅನ್ನ ಈ ಉದ್ಯಮದಲ್ಲಿದೆ. ಹೊಣೆಯನ್ನು ತೆಗೆದುಹಾಕಿದರೆ ಕೇಂದ್ರದ ವೆಚ್ಚ ಕಡಮೆಯಾಗಬಹುದು. ಆದರೆ ಆ ಹೊರೆ ಎಲ್ಲಿಗೂ ಮಾಯವಾಗುವುದಿಲ್ಲ, ಬಿದ್ದವನ ಮನೆಗೆ ಹೋಗುತ್ತದೆ. ಪ್ರತಿಯೊಂದು ಟಿಕೆಟಿನ ಮೇಲೂ ಸ್ವಲ್ಪ ಸ್ವಲ್ಪ ಹಂಚಬಹುದಾದ ಭಾರವನ್ನು ಒಂದು ಕುಟುಂಬದ ಮೇಲೆ ಹೊರಿಸುವುದನ್ನು ಮಿತವ್ಯಯವೆನ್ನಲು ನಾವು ಸಿದ್ಧರಿಲ್ಲ.

೮

ಈ ಚರ್ಚೆ ಪರದೇಶದ ಶ್ರೀಮಂತರ ವಿನೋದಕ್ಕೆ ಮಾತ್ರ ಸಂಬಂಧಿಸಿದ್ದೆಂದು ನಮ್ಮ ವಿದ್ಯಾರ್ಥಿಗಳು ಭಾವಿಸಬಾರದು. ಗುಲ್ಮಾರ್ಗ, ಔಲಿಗಳಲ್ಲಿ ನಮ್ಮ ಜನರೂ ಇಂಥ ಹಗ್ಗಗಳನ್ನು ನಂಬಿ ಮೇಲೇರುತ್ತಾರೆ. ಅವರಲ್ಲಿ ಸ್ಕೀ ಹಲಗೆಯನ್ನೇ ಮುಟ್ಟದೆ ಹಿಮವನ್ನು ನೋಡಲು ಹೋದವರು ಅನೇಕರು. ಅವರು ಕೇವಲ ಪಯಣಿಗರು. ೨೦೧೭ರ ಜೂನ್ ೨೫ರಂದು ಗುಲ್ಮಾರ್ಗದ ಗೊಂಡೋಲ ಸಾಲಿನ ಮೇಲೆ ಗಾಳಿಗೆ ಮರ ಉರುಳಿ ಏಳು ಜನ ತೀರಿಕೊಂಡರು. ಪ್ರವಾಸಿಗಳೊಡನೆ ಸ್ಥಳೀಯ ಮಾರ್ಗದರ್ಶಿಗಳೂ ಅವರಲ್ಲಿದ್ದರು. ನಮ್ಮ ೧೮೭೨ರ ಕರಾರು ಕಾಯಿದೆ ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರನ್ನು ಅಸಿಂಧುವೆನ್ನುತ್ತದೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ‘ಅನ್ಯಾಯದ ಕರಾರು’ ಎಂಬುದನ್ನು ಬಿಡಿಯಾಗಿ ಗುರುತಿಸಿ ಅದರ ಷರತ್ತುಗಳನ್ನು ಅಸಿಂಧುಗೊಳಿಸುವ ಅಧಿಕಾರವನ್ನು ಆಯೋಗಗಳಿಗೆ ಕೊಟ್ಟಿದೆ. ಟಿಕೆಟಿನ ಹಿಂಬದಿಯ ಸಣ್ಣಕ್ಷರಗಳನ್ನು ಈ ಎರಡು ಕಾಯಿದೆಗಳ ಜೊತೆಯಲ್ಲಿಟ್ಟು ಓದುವುದು ನಮ್ಮ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಕೈಗೊಳ್ಳತಕ್ಕ ಕೆಲಸ.

ನಮ್ಮ ವಾದವನ್ನು ಸಂಗ್ರಹಿಸುವುದಾದರೆ ಇಷ್ಟು. ಅಪಾಯಸ್ವೀಕಾರವೆಂಬ ಪದಕ್ಕೆ ಸ್ವಾತಂತ್ರ್ಯವೇ ಪ್ರಾಣ. ಜಾರುವವನಲ್ಲಿ ಅದು ಇದೆ. ಅಲ್ಲಿ ಆ ಪದಕ್ಕೆ ಬೆಲೆಯಿದೆ. ಏರುವವನಲ್ಲಿ ಅದು ಇಲ್ಲ. ಅಲ್ಲಿ ಆ ಪದವನ್ನು ಬಳಸುವುದು ಹರಿಗೋಲಿನಲ್ಲಿ ಮುಳುಗಿದವನಿಗೆ ಹೊಳೆ ಆಳವೆಂದು ನಿನಗೆ ಗೊತ್ತಿತ್ತಲ್ಲವೆ ಎಂದಂತೆ. ಕಾಲರಾಡೊದ ನ್ಯಾಯಾಲಯ ೧೯೯೮ರಲ್ಲಿ ಈ ಭೇದವನ್ನು ಕಂಡಿತ್ತು. ೨೦೨೪ರಲ್ಲಿ ಅರ್ಧವನ್ನು ಉಳಿಸಿಕೊಂಡಿತು. ಉಳಿದರ್ಧವನ್ನು ಮರಳಿ ಪಡೆಯುವುದು ಮುಂದೆ ಬರುವ ನ್ಯಾಯಮೂರ್ತಿಗಳ, ಶಾಸನಕರ್ತರ ಕೆಲಸ. ಆ ಎರಡು ತೀರ್ಪುಗಳನ್ನೂ ೧೯೯೦ರ ತಿದ್ದುಪಡಿಯ ಪಾಠವನ್ನೂ ಒಟ್ಟಿಗೆ ಇಟ್ಟುಕೊಂಡು ಓದುವವರಿಗೆ ಈ ಅರ್ಧ ಎಲ್ಲಿ ಕಳೆದುಹೋಯಿತೆಂಬುದು ತಾನಾಗಿಯೇ ಗೋಚರಿಸುವುದೆಂದು ನಮ್ಮ ನಂಬಿಕೆ.